ಗುಂಡಿ ಒತ್ತಿದ ಮೇಲೆ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಓಟಿನ ಬಗ್ಗೆಯೇ ಇದ್ದವು. ಮೊಬೈಲಿನ ಬಗ್ಗೆ ಒಂದು. ಇಡ್ಲಿ ಹಿಟ್ಟು ಯಾಕೆ ಉಬ್ಬಲ್ಲ ಅಂತ ಕೇಳಿದವರು ಮುಂದಿನ ಸಂಚಿಕೆಯವರೆಗೆ ಕಾಯಬೇಕು.

ಪ್ರಶ್ನೆ: 2018ರಲ್ಲೂ ಬಿಜೆಪಿಗೆ 36 ಪರ್ಸೆಂಟ್ ಓಟು, 2023ರಲ್ಲೂ 36 ಪರ್ಸೆಂಟ್. ಆಗ 104 ಸೀಟು, ಈಗ 66. ಎಲ್ಲೋ ಮೋಸ ಆಗಿದೆ ಅಂತ ಅನ್ನಿಸಲ್ವಾ?
– ಓದುಗರೊಬ್ಬರು, ತಿಪಟೂರು

ಮೋಸ ಇಲ್ಲ, ಲೆಕ್ಕವೇ ಹಾಗಿದೆ. ಕ್ಷೇತ್ರದಲ್ಲಿ ಯಾರಿಗೆ ಎಲ್ಲರಿಗಿಂತ ಒಂದು ಓಟು ಜಾಸ್ತಿ ಬಿತ್ತೋ ಅವರು ಗೆದ್ದರು, ಅಷ್ಟೇ ನಮ್ಮ ನಿಯಮ. ಮೂರು ಜನ ಸಮಸಮ ಕಾದಾಡುವ ಕಡೆ 35 ಪರ್ಸೆಂಟ್ ಸಿಕ್ಕರೂ ಗೆಲ್ಲಬಹುದು. ಇಬ್ಬರೇ ಆದರೆ 48 ಬಂದರೂ ಮನೆಗೆ ಹೋಗಬೇಕು. ನೀವು ಬಿಜೆಪಿಯದು ಮಾತ್ರ ನೋಡಿದ್ದೀರಿ, ಪಕ್ಕದ ಸಾಲನ್ನೂ ನೋಡಿ. 2018ರಲ್ಲಿ ಕಾಂಗ್ರೆಸ್‌ಗೆ 38 ಪರ್ಸೆಂಟ್ ಬಂದಿತ್ತು, ಅಂದರೆ ಬಿಜೆಪಿಗಿಂತ ಜಾಸ್ತಿಯೇ. ಸೀಟು ಮಾತ್ರ 80. ಅವರ ಓಟು ರಾಜ್ಯದ ತುಂಬಾ ತೆಳ್ಳಗೆ ಹರಡಿತ್ತು, ಬಿಜೆಪಿಯದು ಬೇಕಾದ ಕಡೆ ಗಟ್ಟಿಯಾಗಿತ್ತು. 2023ಕ್ಕೆ ಜೆಡಿಎಸ್ ಓಟು 18 ಪರ್ಸೆಂಟ್‌ನಿಂದ 13ಕ್ಕೆ ಇಳಿಯಿತು, ಕಾಂಗ್ರೆಸ್ 43ರ ಹತ್ತಿರ ಹೋಗಿ 135 ಸೀಟು ಬಾಚಿಕೊಂಡಿತು. ಬಿಜೆಪಿ ನಿಂತಲ್ಲೇ ನಿಂತಿತ್ತು, ಕೆಳಗಿನ ನೆಲ ಸರಿಯಿತು.

ಹಾಗಾದರೆ ಓಟಿಗೆ ತಕ್ಕಷ್ಟೇ ಸೀಟು ಹಂಚಿದರೆ? ನಾನೂ ಪೆನ್ನು ಹಿಡಿದು ಲೆಕ್ಕ ಹಾಕಿದೆ. 224ರಲ್ಲಿ 36 ಪರ್ಸೆಂಟ್ ಅಂದರೆ ಎರಡು ಸಲವೂ ಬಿಜೆಪಿಗೆ ಸುಮಾರು 81. ಕಾಂಗ್ರೆಸ್‌ಗೆ ಈ ಸಲ 96. ಸರ್ಕಾರಕ್ಕೆ ಬೇಕಾದ 113 ಯಾರ ಹತ್ತಿರವೂ ಇಲ್ಲ. ಅಂದರೆ ಪ್ರತಿ ಸಲ ಸಮ್ಮಿಶ್ರ, ಪ್ರತಿ ಸಲ ರೆಸಾರ್ಟ್. ಅದರ ರುಚಿ 2019ರಲ್ಲಿ ನೋಡಿದ್ದೇವೆ, ಸಾಕು.

ನನಗೆ ಇಷ್ಟವಾಗೋದು ಬೇರೆ ದಾರಿ, ಅದು ನಮ್ಮಲ್ಲೇ ಇದೆ. ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರಕ್ಕೆ ಓಟು ಹಾಕಿದ್ದೀರಾ? ಅಲ್ಲಿ ಪೇಪರ್ ಮೇಲೆ ಹೆಸರಿನ ಮುಂದೆ 1, 2, 3 ಅಂತ ಬರೀಬೇಕು. ಮೊದಲ ಎಣಿಕೆಯಲ್ಲಿ ಅರ್ಧ ದಾಟಿದವರು ಇಲ್ಲದಿದ್ದರೆ ಕೊನೆಯವರನ್ನು ತೆಗೆದು ಅವರ ಓಟುಗಳನ್ನು ಎರಡನೇ ಪ್ರಾಶಸ್ತ್ಯದಂತೆ ಹಂಚುತ್ತಾರೆ. ಇಷ್ಟದವರಿಗೆ 1 ಕೊಡಿ, ಪರವಾಗಿಲ್ಲ ಅನ್ನಿಸಿದವರಿಗೆ 2. 'ಅವನಿಗೆ ಹಾಕಿದರೆ ಓಟು ವೇಸ್ಟು' ಅನ್ನೋ ಮಾತೇ ಇರಲ್ಲ. ಎಣಿಕೆ ಮರುದಿನದವರೆಗೂ ಎಳೆಯುತ್ತೆ, ನಿಜ. ಇನ್ನೊಂದು ತಮಾಷೆ ಅಂದರೆ ಡಿಗ್ರಿ ಮಾಡಿದವರೇ ಓಟು ಹಾಕುವ ಈ ಚುನಾವಣೆಯಲ್ಲಿ ಟಿಕ್ ಹಾಕಿ, ಸಹಿ ಮಾಡಿ, ಸಾವಿರಗಟ್ಟಲೆ ಓಟು ಅಸಿಂಧು ಮಾಡಿಕೊಂಡಿದ್ದಾರೆ. ಅಂಗನವಾಡಿ ಅಕ್ಕ ಹೇಳಿಕೊಟ್ಟಿದ್ದರೆ ನಮ್ಮ ಹಳ್ಳಿಯವರು ಇವರಿಗಿಂತ ಚೆನ್ನಾಗಿ ಬರೀತಿದ್ದರು.

ಪ್ರಶ್ನೆ: ನಾನು ಪ್ರತಿ ಸಲ ನೋಟಾ ಒತ್ತುತ್ತೇನೆ. ಎಲ್ಲರೂ ಒತ್ತಿದರೆ ಇವರಿಗೆಲ್ಲ ಬುದ್ಧಿ ಬರುತ್ತೆ ಅಲ್ವಾ?
– ಓದುಗರು, ಶಿರಸಿ

ಬರಲ್ಲ. ಸುಪ್ರೀಂ ಕೋರ್ಟ್ 2013ರಲ್ಲಿ ನೋಟಾ ಕೊಡಿಸಿತು, ಆದರೆ ಅದಕ್ಕೆ ಹಲ್ಲಿಲ್ಲ. ನೋಟಾಗೆ ಎಲ್ಲರಿಗಿಂತ ಜಾಸ್ತಿ ಬಿದ್ದರೂ ಅದರ ನಂತರದವರೇ ಗೆದ್ದಂತೆ. 2024ರ ಲೋಕಸಭೆ ಚುನಾವಣೆಯಲ್ಲಿ ಇಂದೋರ್‌ನಲ್ಲಿ ನೋಟಾಗೆ 2 ಲಕ್ಷಕ್ಕೂ ಜಾಸ್ತಿ ಓಟು ಬಿತ್ತು. ಗೆದ್ದವರ ಅಂತರ 11 ಲಕ್ಷ ದಾಟಿತ್ತು. ನೋಟಾ ಒತ್ತಿ ಸಿಟ್ಟು ತೀರಿಸಿಕೊಳ್ಳಬಹುದು, ತಪ್ಪಲ್ಲ. ಅದಕ್ಕಿಂತ ಜಾಸ್ತಿ ಏನನ್ನೂ ಅದರಿಂದ ಕಾಯಬೇಡಿ.

ಪ್ರಶ್ನೆ: ಹೋದ ಸಲ ಮತಗಟ್ಟೆಗೆ ಹೋದರೆ ನನ್ನ ಓಟು ಆಗಲೇ ಯಾರೋ ಹಾಕಿಬಿಟ್ಟಿದ್ದರು. ಸುಮ್ನೆ ವಾಪಸ್ ಬಂದೆ. ಒಂದು ಓಟಿಗೆ ಯಾಕೆ ಜಗಳ?
– ಓದುಗರೊಬ್ಬರು, ಹೊಸಪೇಟೆ

ಸುಮ್ನೆ ಬರಬಾರದಿತ್ತು ಸ್ವಾಮಿ. ಗುರುತಿನ ಚೀಟಿ ತೋರಿಸಿ ಪ್ರಿಸೈಡಿಂಗ್ ಆಫೀಸರ್ ಹತ್ತಿರ 'ಟೆಂಡರ್ಡ್ ಓಟು' ಕೊಡಿ ಅಂತ ಕೇಳಬೇಕು. ನೀವು ನೀವೇ ಅಂತ ಖಾತ್ರಿಯಾದರೆ ಕಾಗದದ ಮತಪತ್ರ ಕೊಡುತ್ತಾರೆ, ಅದನ್ನು ಬೇರೆ ಕವರಿನಲ್ಲಿ ಇಡುತ್ತಾರೆ. ಎಣಿಕೆ ದಿನ ಅದನ್ನು ಎಣಿಸಲ್ಲ. ಕೇಸು ಕೋರ್ಟಿಗೆ ಹೋದರೆ ಮಾತ್ರ ಅದಕ್ಕೆ ಬೆಲೆ ಬರೋದು.

ಒಂದು ಓಟು ಅಂದಿರಲ್ಲ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಧ್ರುವನಾರಾಯಣ ಅವರಿಗೆ 40,752, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಓಟು. ಕೃಷ್ಣಮೂರ್ತಿ ಅವರ ಕಾರಿನ ಡ್ರೈವರ್‌ಗೇ ಆ ದಿನ ಓಟು ಹಾಕೋಕೆ ಪುರುಸೊತ್ತು ಸಿಗಲಿಲ್ಲ ಅಂತ ಆ ಕಡೆಯವರು ಇವತ್ತಿಗೂ ಹೇಳುತ್ತಾರೆ. ಆ ಕ್ಷೇತ್ರ ಈಗಿಲ್ಲ. ಅದೇ ಕೃಷ್ಣಮೂರ್ತಿ 2023ರಲ್ಲಿ ಕೊಳ್ಳೇಗಾಲದಿಂದ ದೊಡ್ಡ ಅಂತರದಲ್ಲಿ ಗೆದ್ದರು. ಡ್ರೈವರ್‌ಗೆ ಆವತ್ತು ರಜೆ ಕೊಟ್ಟಿದ್ದರೋ ಏನೋ.

ಪ್ರಶ್ನೆ: ಆಸ್ಟ್ರೇಲಿಯಾದಲ್ಲಿ 16 ವರ್ಷದೊಳಗಿನ ಮಕ್ಕಳು ಇನ್‌ಸ್ಟಾಗ್ರಾಮ್, ಟಿಕ್‌ಟಾಕ್ ಬಳಸುವಂತಿಲ್ಲವಂತೆ. ನಮ್ಮಲ್ಲೂ ಅಂಥ ಕಾನೂನು ಬರಬಾರದೇ?
– ಇಬ್ಬರು ಮಕ್ಕಳ ತಾಯಿ, ಪುತ್ತೂರು

ಅಲ್ಲಿ 2025ರ ಡಿಸೆಂಬರ್ 10ರಿಂದ ಜಾರಿಗೆ ಬಂತು. ನನಗೆ ಅದರಲ್ಲಿ ಹಿಡಿಸಿದ್ದು ಒಂದೇ, ದಂಡ ಬೀಳೋದು ಮಕ್ಕಳಿಗೋ ಅಪ್ಪ ಅಮ್ಮನಿಗೋ ಅಲ್ಲ, ಕಂಪನಿಗೆ. ಆದರೆ ನಮ್ಮ ಮನೆಗಳ ಕಥೆ ಬೇರೆ ಅಲ್ವಾ? ಮಗು ಹಿಡಿದಿರೋದು ಅಮ್ಮನ ಫೋನು, ಅದರೊಳಗೆ ಅಮ್ಮನ ಅಕೌಂಟು. ಆ್ಯಪ್‌ನ ಲೆಕ್ಕದಲ್ಲಿ 38 ವರ್ಷದ ಹೆಂಗಸೊಬ್ಬರು ದಿನಾ ಮೂರು ಗಂಟೆ ಕಾರ್ಟೂನು ನೋಡುತ್ತಿದ್ದಾರೆ. ವಯಸ್ಸು ಸಾಬೀತು ಮಾಡಿ ಅಂತ ಹೊರಟರೆ ಮೊದಲು ಆಧಾರ್ ತೋರಿಸಬೇಕಾದವರು ನಾವು, ದೊಡ್ಡವರು. ಅದು ನನಗೆ ಬೇಡ. ಬರೀ ನಿಷೇಧದ ಮೇಲೂ ನನಗೆ ನಂಬಿಕೆ ಕಡಿಮೆ. 2020ರ ಜೂನ್‌ನಲ್ಲಿ ಟಿಕ್‌ಟಾಕ್ ಸೇರಿ 59 ಆ್ಯಪ್ ಮುಚ್ಚಿಸಿದರು, ದೇಶದ ಭದ್ರತೆ ಅಂತ. ಅಂಗಡಿ ಮುಚ್ಚಿತು, ಗಿರಾಕಿಗಳೆಲ್ಲ ಪಕ್ಕದ ರೀಲ್ಸ್ ಅಂಗಡಿಗೆ ಹೋದರು.

ಪ್ರಶ್ನೆ: ಇಷ್ಟೆಲ್ಲ ಹೇಳ್ತೀರಲ್ಲ, ನಿಮ್ಮ ಓಟು ಯಾರಿಗೆ?
– ಓದುಗರು, ದಾವಣಗೆರೆ

ವಿವಿಪ್ಯಾಟ್ ಗಾಜಿನ ಹಿಂದೆ ಚೀಟಿ ಏಳು ಸೆಕೆಂಡ್ ಕಾಣಿಸಿತು, ಆಮೇಲೆ ಡಬ್ಬಿಗೆ ಬಿತ್ತು. ನೀವು ಎಂಟನೇ ಸೆಕೆಂಡಿಗೆ ಬಂದಿದ್ದೀರಿ.