ಮೇಳದಲ್ಲಿ ಬೆಳೀತಾನೇ ಇರೋ ಯಂತ್ರಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ, ಕೃಷಿ ಮೇಳಗಳಲ್ಲಿ ಕಾಣೋ ಭಾರೀ ಟ್ರ್ಯಾಕ್ಟರ್, ಕಂಬೈನ್‌ಗಳ (ಬೆಳೆ ಕೊಯ್ದು ಕಾಳು ಬೇರೆ ಮಾಡೋ ಯಂತ್ರಗಳ) ಬಗ್ಗೆ. ಹಾಗಾಗಿ ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಕೊಂಡು ಇವನ್ನೇ ಒಟ್ಟಿಗೆ ತಗೊಂಡಿದೀನಿ.

ಪ್ರಶ್ನೆ: ಪ್ರತಿ ಸಲ ಮೇಳಕ್ಕೆ ಹೋದಾಗಲೂ ಯಂತ್ರಗಳು ಹೋದ ಸಲಕ್ಕಿಂತ ದೊಡ್ಡದಾಗಿರ್ತವೆ. ಟೈರೇ ನನ್ನ ತಲೆಗಿಂತ ಮೇಲೆ ಹೋಗತ್ತೆ, ಕ್ಯಾಬಿನ್‌ಗೆ ಮೆಟ್ಟಿಲು ಹತ್ತಬೇಕು. ಇದು ಜನ ಸೇರ್ಸೋಕೆ ಮಾಡೋ ಪ್ರದರ್ಶನನಾ ಸರ್, ಇಲ್ಲ ನಿಜಕ್ಕೂ ಅಷ್ಟು ದೊಡ್ಡದು ಬೇಕಾ?

ಉತ್ತರ: ಎರಡೂ ಹೌದು. ಸ್ಟಾಲ್ ಮುಂದುಗಡೆ ಕಂಪನಿಯವರು ನಿಲ್ಸೋದು ತಮ್ಮ ಹತ್ರ ಇರೋದ್ರಲ್ಲೇ ಅತಿ ದೊಡ್ಡದನ್ನ, ಜಾಸ್ತಿ ಮಾರಾಟ ಆಗೋದು ಅದರ ಹಿಂದೆ ಸಾಲಾಗಿ ನಿಂತಿರೋ ಮಧ್ಯಮ ಸೈಜಿನವು. ಆದ್ರೆ ಆ ಮಧ್ಯಮ ಸೈಜೇ ವರ್ಷ ವರ್ಷ ಮೇಲೆ ಹೋಗ್ತಿದೆ ಅನ್ನೋದು ನಿಜ. 1917ರಲ್ಲಿ ಬಂದ ಫೋರ್ಡ್‌ಸನ್ ಟ್ರ್ಯಾಕ್ಟರ್ ಸುಮಾರು 20 ಎಚ್‌ಪಿ, ತೂಕ ಒಂದೂಕಾಲು ಟನ್ ಆಸುಪಾಸು, ಅದನ್ನೇ ಆಗಿನವರು ದೊಡ್ಡ ಬದಲಾವಣೆ ಅಂದ್ಕೊಂಡಿದ್ರು. ಜಾನ್ ಡಿಯರ್ 2024ರಲ್ಲಿ ಪ್ರಕಟಿಸಿದ 9ಆರ್‌ಎಕ್ಸ್ ಸಾಲಿನ ದೊಡ್ಡಣ್ಣ 830 ಎಚ್‌ಪಿ. ಜರ್ಮನಿಯ ಹ್ಯಾನೋವರ್‌ನಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯೋ ಅಗ್ರಿಟೆಕ್ನಿಕಾ ಮೇಳದಲ್ಲಿ 2023ರಲ್ಲಿ ನ್ಯೂ ಹಾಲೆಂಡ್ ತೋರಿಸಿದ ಸಿಆರ್11 ಕಂಬೈನ್‌ದು 775 ಎಚ್‌ಪಿ, ಅದರ ಧಾನ್ಯದ ಟ್ಯಾಂಕ್ ಒಂದೇ 20,000 ಲೀಟರ್ ಹಿಡಿಯತ್ತೆ, ಅಂದ್ರೆ ಗೋಧಿ ತುಂಬಿದ್ರೆ ಹತ್ರ ಹತ್ರ 15 ಟನ್.

ಯಾಕೆ ಅಂದ್ರೆ ಮುಖ್ಯ ಕಾರಣ ಎರಡು, ಆಳು ಸಿಗಲ್ಲ ಮತ್ತು ಹದ ಕಾಯಲ್ಲ. ಲೆಕ್ಕ ಹಾಕಿ ನೋಡಿ. ಕಂಬೈನ್ ಮುಂದೆ ಬೆಳೆ ಕತ್ತರಿಸೋ ಭಾಗ, ಅಂದ್ರೆ ಕೊಯ್ಲು ಪಟ್ಟಿ, 12 ಮೀಟರ್ ಅಗಲ ಇದ್ದು ಗಂಟೆಗೆ 6 ಕಿಲೋಮೀಟರ್ ವೇಗದಲ್ಲಿ ಹೋದ್ರೆ ಗಂಟೆಗೆ 7.2 ಹೆಕ್ಟೇರ್ ಆಗತ್ತೆ, ತಿರುಗಿಸೋದು, ಖಾಲಿ ಮಾಡೋದು, ನಿಂತು ಸರಿ ಮಾಡೋದು ಎಲ್ಲಾ ಕಳೆದು ನೂರಕ್ಕೆ ಎಪ್ಪತ್ತು ಉಳೀತು ಅಂದ್ಕೊಂಡ್ರೂ 5 ಹೆಕ್ಟೇರ್. ಅರ್ಧ ಅಗಲದ್ದಾದ್ರೆ ಎರಡೂವರೆ. ಬೆಳೆ ಮಾಗಿ ನಿಂತಿದೆ, ಮಳೆ ಮೋಡ ಕಾಣ್ತಿದೆ, ಆರು ದಿನ ಒಣ ಹವೆ ಸಿಗತ್ತೆ, ದಿನಕ್ಕೆ ಹತ್ತು ಗಂಟೆ ಓಡಿಸಿದ್ರೆ ದೊಡ್ಡದು 300 ಹೆಕ್ಟೇರ್ ಮುಗಿಸತ್ತೆ, ಚಿಕ್ಕದು 150. ಓಡಿಸೋನು ಮಾತ್ರ ಎರಡರಲ್ಲೂ ಒಬ್ಬನೇ. ಸಾವಿರಾರು ಹೆಕ್ಟೇರ್ ಇರೋರು ದೊಡ್ಡದರ ಕಡೆ ಹೋಗೋದು ಷೋಕಿಗಲ್ಲ, ಬೆಳೆ ಕಣ್ಣೆದುರೇ ನೆನೆದು ಹೋಗೋದನ್ನ ನೋಡೋಕೆ ಆಗಲ್ಲ ಅಂತ. ಇದರ ಜತೆಗೆ ಹೊಗೆ ನಿಯಮ ಬಿಗಿ ಆದ ಮೇಲೆ ಇಂಜಿನ್ ಪಕ್ಕ ಹೊಗೆ ಶುದ್ಧ ಮಾಡೋ ಸಾಮಾನು ಕೂಡ ಜಾಗ ಕೇಳತ್ತೆ, ಬಾನೆಟ್ ದಪ್ಪ ಆಗಿರೋದ್ರಲ್ಲಿ ಅದರ ಪಾಲೂ ಇದೆ.

ಪ್ರಶ್ನೆ: ಇದುವರೆಗಿನ ಅತಿ ದೊಡ್ಡ ಟ್ರ್ಯಾಕ್ಟರ್ ಯಾವುದು? ಈಗಿನದ್ದೇನಾ?

ಉತ್ತರ: ಅಲ್ಲ. ಅಮೆರಿಕದ ಮೊಂಟಾನಾದಲ್ಲಿ 1977ರಲ್ಲಿ ಕಟ್ಟಿದ ಬಿಗ್ ಬಡ್ 747 ಅಂತ ಇದೆ, ಒಂದೇ ಒಂದು ಮಾಡಿದ್ದು. ಶುರುವಲ್ಲಿ 760 ಎಚ್‌ಪಿ, ಆಮೇಲೆ ಏರಿಸ್ತಾ ಹೋಗಿ 1,100ಕ್ಕೆ ತಂದ್ರು, 16 ಸಿಲಿಂಡರ್ ಇಂಜಿನ್, ಟೈರ್ ಎತ್ತರ ಸುಮಾರು 8 ಅಡಿ. ಆಗ ಅದು ಒಂದು ಅಪರೂಪದ ವಸ್ತು, ಈಗ ಅದರ ಹುಟ್ಟಿನ ದಿನದ ಶಕ್ತಿಯನ್ನ ಮೀರಿಸಿದ್ದು ಶೋರೂಮಿನ ಕ್ಯಾಟಲಾಗಿನಲ್ಲೇ ಸಿಗತ್ತೆ.

ಪ್ರಶ್ನೆ: ಸ್ಟಾಲಿನವರು ಹೇಳ್ತಾರೆ, ಟೈರ್ ಅಗಲ ಇದೆ, ಟ್ರ್ಯಾಕ್ (ಗಾಲಿ ಬದಲು ಹಾಕೋ ರಬ್ಬರ್ ಬೆಲ್ಟ್) ಇದೆ, ಅದಕ್ಕೇ ಎಷ್ಟೇ ತೂಕ ಇದ್ರೂ ಮಣ್ಣು ಒತ್ತಲ್ಲ ಅಂತ. ಈ ಮಾತು ನಂಬಬಹುದಾ?

ಉತ್ತರ: ಅರ್ಧ ನಂಬಿ. ನನಗೆ ಇಡೀ ವಿಷಯದಲ್ಲಿ ಬಹಳ ಕಾಳಜಿ ಇರೋದು ಇಲ್ಲೇ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ಮಣ್ಣಿನ ಮೇಲ್ಪದರಕ್ಕೆ, ಅಂದ್ರೆ ನೇಗಿಲು ಹೋಗೋ ಆಳದವರೆಗೆ, ಲೆಕ್ಕಕ್ಕೆ ಬರೋದು ಟೈರ್ ನೆಲಕ್ಕೆ ಕೊಡೋ ಒತ್ತಡ. ಟೈರ್ ಅಗಲ ಮಾಡಿ, ಗಾಳಿ ಕಡಿಮೆ ಇಟ್ರೆ ಅದು ಕಡಿಮೆ ಆಗತ್ತೆ, ಸ್ಟಾಲಿನವರು ಹೇಳೋದು ಈ ಮಟ್ಟಿಗೆ ಸರಿ, ಮೇಲೆ ನಿಂತು ನೋಡಿದ್ರೆ ಗಾಲಿ ಗುರುತು ಕೂಡ ಅಷ್ಟಾಗಿ ಆಳ ಬಿದ್ದಿರಲ್ಲ. ಆದ್ರೆ ಅದರ ಕೆಳಗೆ, ಒಂದೂವರೆ ಅಡಿ ಎರಡು ಅಡಿ ಆಳದಲ್ಲಿ, ಲೆಕ್ಕಕ್ಕೆ ಬರೋದು ಒಂದು ಗಾಲಿ ಮೇಲೆ ಒಟ್ಟು ಎಷ್ಟು ಭಾರ ಬಿತ್ತು ಅನ್ನೋದು. ಒತ್ತಡ ಅಷ್ಟೇ ಇಟ್ಟು ಟೈರನ್ನೂ ಭಾರವನ್ನೂ ಎರಡು ಪಟ್ಟು ಮಾಡಿದ್ರೆ ಮೇಲೆ ಏನೂ ಬದಲಾಗಿಲ್ಲ ಅನ್ಸತ್ತೆ, ಆದ್ರೆ ಅಗಲವಾದ ಜಾಗದಿಂದ ಒತ್ತೋ ಭಾರ ಇನ್ನೂ ಆಳಕ್ಕೆ ಇಳಿಯತ್ತೆ.

ಥಾಮಸ್ ಕೆಲ್ಲರ್ ಮತ್ತು ಡಾನಿ ಓರ್ ಅನ್ನೋ ಮಣ್ಣು ವಿಜ್ಞಾನಿಗಳು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನೇ ತೋರಿಸಿದ್ರು. ಧಾನ್ಯ ತುಂಬಿದ ಕಂಬೈನ್ ತೂಕ 1958ರಲ್ಲಿ ಸುಮಾರು 4 ಟನ್ ಇದ್ದದ್ದು 2020ಕ್ಕೆ ಸುಮಾರು 36 ಟನ್ ಆಗಿದೆ, ಟೈರೂ ಜತೆಗೇ ಬೆಳೆದಿದ್ರಿಂದ ಮೇಲ್ಮೈ ಒತ್ತಡ ಹೆಚ್ಚು ಕಮ್ಮಿ ಹಾಗೇ ಉಳಿದಿದೆ, ಕೆಳಗಿನ ಪದರದ ಮೇಲಿನ ಒತ್ತಡ ಮಾತ್ರ ಏರ್ತಾ ಬಂದು ಮಣ್ಣು ತಡೆಯೋ ಮಿತಿ ದಾಟ್ತಿದೆ. ಪ್ರಪಂಚದ ಬೇಸಾಯದ ಜಮೀನಿನಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಈ ಅಪಾಯದಲ್ಲಿದೆ ಅಂತ ಅವರ ಅಂದಾಜು. ಈ ಯಂತ್ರಗಳ ತೂಕವನ್ನ ಅವರು ಹೋಲಿಸಿದ್ದು ಸಾರೊಪಾಡ್ ಡೈನೋಸಾರ್‌ಗಳಿಗೆ, ನೆಲದ ಮೇಲೆ ಓಡಾಡಿದ ಅತಿ ಭಾರದ ಪ್ರಾಣಿಗಳಿಗೆ.

36 ಟನ್‌ನಲ್ಲಿ ಮೂರನೇ ಎರಡು ಪಾಲು ಮುಂದಿನ ಆಕ್ಸಲ್ (ಎರಡು ಗಾಲಿ ಸೇರಿಸೋ ಅಚ್ಚು) ಮೇಲೆ ಬಿತ್ತು ಅಂದ್ಕೊಳ್ಳಿ, ಅಲ್ಲಿಗೆ 24 ಟನ್, ಒಂದೊಂದು ಗಾಲಿಗೆ 12. ಒಂದು ಆಕ್ಸಲ್‌ಗೇ 10 ಟನ್ ದಾಟಬಾರದು ಅನ್ನೋದು ಬಹಳ ಹಿಂದಿನಿಂದ ಮಣ್ಣಿನವರು ಹೇಳ್ಕೊಂಡು ಬಂದಿರೋ ಮಾತು. ಮೇಲ್ಪದರ ಗಟ್ಟಿ ಆದ್ರೆ ಉಳುಮೆ, ಬಿಸಿಲಿಗೆ ಬಿಡೋ ಬಿರುಕು, ಎರೆಹುಳು, ಬೇರು ಇವೆಲ್ಲಾ ಸೇರಿ ಕೆಲವು ವರ್ಷದಲ್ಲಿ ಸರಿ ಮಾಡ್ಕೊಳ್ತವೆ, ಕೆಳಗಿನದು ಗಟ್ಟಿ ಆದ್ರೆ ದಶಕಗಳು ಹಿಡಿಯತ್ತೆ. ನೀರು ಇಂಗಲ್ಲ, ಮೇಲೆ ನಿಲ್ಲತ್ತೆ, ಬರ ಬಂದಾಗ ಬೇರು ಕೆಳಗಿನ ತೇವ ಮುಟ್ಟೋಕಾಗಲ್ಲ, ರೈತರು ಮಾತ್ರ ಈ ವರ್ಷ ಯಾಕೋ ಇಳುವರಿ ಕಮ್ಮಿ ಬಂತು ಅಂತ ಬೀಜಾನೋ ಗೊಬ್ಬರಾನೋ ಬದಲಾಯಿಸ್ತಾ ಇರ್ತಾರೆ.

ಟ್ರ್ಯಾಕ್‌ನಿಂದ ಲಾಭ ಇಲ್ಲ ಅಂತಲ್ಲ. ರಸ್ತೆಯಲ್ಲಿ ಅಗಲ ಕಮ್ಮಿ ಇರತ್ತೆ, ಎಳೆಯೋ ಹಿಡಿತ ಚೆನ್ನಾಗಿರತ್ತೆ, ಭಾರ ಉದ್ದಕ್ಕೆ ಹಂಚತ್ತೆ. ಆದ್ರೆ ಟ್ರ್ಯಾಕಿನ ಒಳಗಿರೋ ಪ್ರತಿ ರೋಲರ್ ಕೆಳಗೂ ಭಾರ ಮತ್ತೆ ಮತ್ತೆ ಏರಿ ಇಳಿಯತ್ತೆ, ಉದ್ದಕ್ಕೂ ಸಮನಾಗಿ ಹರಡಿರತ್ತೆ ಅನ್ನೋ ಹಾಗಿಲ್ಲ. ವಿಎಫ್ ಅನ್ನೋ, ಹೆಚ್ಚು ಬಾಗೋ ಹೊಸ ಟೈರ್‌ಗಳೂ ಹಾಗೇ, ಅದೇ ಭಾರವನ್ನ ಶೇ 40ರಷ್ಟು ಕಡಿಮೆ ಗಾಳಿಯಲ್ಲಿ ಹೊರ್ತವೆ, ಇಲ್ಲಾಂದ್ರೆ ಅದೇ ಗಾಳಿಯಲ್ಲಿ ಶೇ 40ರಷ್ಟು ಹೆಚ್ಚು ಭಾರ ಹೊರ್ತವೆ. ಮೊದಲನೆಯದಕ್ಕೆ ಬಳಸಿದ್ರೆ ಮಣ್ಣಿಗೆ ಲಾಭ, ಎರಡನೆಯದಕ್ಕೆ ಬಳಸಿದ್ರೆ ಯಂತ್ರ ಇನ್ನೂ ದೊಡ್ಡದು ಮಾಡೋಕೆ ದಾರಿ ಆಯ್ತು ಅಷ್ಟೇ, ಬೇಸರದ ವಿಷಯ ಅಂದ್ರೆ ಎರಡನೆಯದೇ ಜಾಸ್ತಿ ನಡೀತಿದೆ.

ಹಾಗಾಗಿ ಸ್ಟಾಲಿನಲ್ಲಿ ಎಚ್‌ಪಿ ಎಷ್ಟು ಅಂತ ಕೇಳೋಕೆ ಮುಂಚೆ ಇದನ್ನ ಕೇಳಿ: ಟ್ಯಾಂಕ್ ತುಂಬಿದಾಗ, ಮುಂದೆ ಕೊಯ್ಲು ಪಟ್ಟಿ ಹಾಕಿದಾಗ, ಭಾರ ಜಾಸ್ತಿ ಇರೋ ಗಾಲಿ ಮೇಲೆ ಎಷ್ಟು ಟನ್? ಹೊಲದಲ್ಲಿ ಓಡೋ ವೇಗಕ್ಕೆ ಗಾಳಿ ಎಷ್ಟಕ್ಕೆ ಇಳಿಸಬಹುದು? ಖಾಲಿ ತೂಕ ಹೇಳಿದ್ರೆ ಒಪ್ಕೋಬೇಡಿ.

ಪ್ರಶ್ನೆ: ನಮ್ಮದು ಎರಡು ಮಧ್ಯಮ ಕಂಬೈನ್ ಇದೆ, ಹಳೇದಾಗಿದೆ. ಮೇಳದಲ್ಲಿ ನೋಡಿದ ಮೇಲೆ ಮಗ ಎರಡನ್ನೂ ಕೊಟ್ಟು ಒಂದು ದೊಡ್ಡದು ತಗೊಳ್ಳೋಣ ಅಂತಿದಾನೆ. ಏನ್ ಮಾಡ್ಲಿ?

ಉತ್ತರ: ಮಗ ಹೇಳೋದ್ರಲ್ಲೂ ಅರ್ಥ ಇದೆ, ಒಬ್ಬ ಡ್ರೈವರ್ ಉಳೀತಾನೆ, ಸರ್ವಿಸ್ ಒಂದಕ್ಕೇ. ಆದ್ರೆ ಒಂದೇ ಇದ್ದಾಗ ಒಂದು ಬೇರಿಂಗ್ ಹೋದ್ರೆ ಇಡೀ ಕೊಯ್ಲು ನಿಲ್ಲತ್ತೆ, ಎರಡಿದ್ರೆ ಅರ್ಧನಾದ್ರೂ ನಡೀತಿರತ್ತೆ. ಇನ್ನೊಂದು, ಯಂತ್ರ ಒಂದೇ ದೊಡ್ಡದಾಗಲ್ಲ, ಅದರ ಹಿಂದಿನ ಸಾಲೆಲ್ಲಾ ದೊಡ್ಡದಾಗಬೇಕು. ಆ ಸಿಆರ್11 ಸೆಕೆಂಡಿಗೆ 210 ಲೀಟರ್ ಸುರಿಯತ್ತೆ, ಟ್ಯಾಂಕ್ ಪೂರ್ತಿ ಖಾಲಿ ಆಗೋಕೆ ಎರಡು ನಿಮಿಷವೂ ಬೇಡ, ಅಷ್ಟನ್ನ ಹಿಡಿಯೋ ಟ್ರೇಲರ್ ಪಕ್ಕದಲ್ಲಿ ಇರ್ಲೇಬೇಕು, ಇಲ್ಲಾಂದ್ರೆ ದುಬಾರಿ ಯಂತ್ರ ನಿಂತು ಕಾಯತ್ತೆ. ಎಷ್ಟೋ ಹೊಲದಲ್ಲಿ ಮಣ್ಣಿಗೆ ಅತಿ ಹೆಚ್ಚು ಭಾರ ಬೀಳೋದು ಕಂಬೈನ್‌ನಿಂದ ಅಲ್ಲ, ಒಂದೇ ಆಕ್ಸಲ್ ಇರೋ ಈ ಧಾನ್ಯದ ಟ್ರೇಲರ್‌ನಿಂದ, ಅದನ್ನ ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ. ಹೊಲ ಚಿಕ್ಕದು, ಮೂಲೆ ಜಾಸ್ತಿ, ಬದು ಜಾಸ್ತಿ ಇದ್ರೆ ತಿರುಗಿಸೋದ್ರಲ್ಲೇ ಸಮಯ ಹೋಗಿ ಅಗಲದ ಲಾಭ ಕರಗತ್ತೆ. ಗೇಟು, ಸೇತುವೆ, ಹೋಗೋ ದಾರಿ, ಷೆಡ್ಡಿನ ಬಾಗಿಲು ಇವನ್ನ ಟೇಪ್ ಹಿಡಿದು ಅಳೆದ ಮೇಲೆನೇ ಮಾತಾಡಿ. ನನ್ನ ಅಭಿಪ್ರಾಯ ಕೇಳಿದ್ರೆ, ಹೊಲಗಳು ಉದ್ದವಾಗಿ ಒಟ್ಟಿಗಿಲ್ಲ ಅಂದ್ರೆ ಎರಡು ಮಧ್ಯಮದ್ದೇ ಇಟ್ಕೊಳ್ಳಿ.

ಪ್ರಶ್ನೆ: ಡ್ರೈವರ್ ಇಲ್ಲದ ರೋಬೋಟ್ ಬಂದ್ಮೇಲೆ ಇವೆಲ್ಲಾ ಮತ್ತೆ ಚಿಕ್ಕದಾಗತ್ತಾ?

ಉತ್ತರ: ಆಗಬೇಕು ಅನ್ನೋದು ನನ್ನ ಆಸೆ, ತರ್ಕವೂ ಹಾಗೇ ಹೇಳತ್ತೆ. ಯಂತ್ರ ದೊಡ್ಡದಾಗಿದ್ದೇ ಒಬ್ಬ ಮನುಷ್ಯನ ಒಂದು ಗಂಟೆಯಲ್ಲಿ ಜಾಸ್ತಿ ಕೆಲಸ ತೆಗೆಯೋಕೆ, ಆ ಮನುಷ್ಯನೇ ಸೀಟಿನಲ್ಲಿ ಇಲ್ಲ ಅಂದ್ರೆ ನಾಲ್ಕು ಚಿಕ್ಕವು ರಾತ್ರಿಯೆಲ್ಲಾ ನಿಧಾನಕ್ಕೆ ಓಡಿದ್ರೂ ಆಗತ್ತೆ. ಆಸ್ಟ್ರೇಲಿಯಾದ ಸ್ವಾರ್ಮ್‌ಫಾರ್ಮ್, ನೆದರ್ಲೆಂಡ್ಸ್‌ನ ಅಗ್‌ಕ್ಸೀಡ್ ಈ ದಾರಿ ಹಿಡಿದಿದಾವೆ. ಆದ್ರೆ 2022ರಲ್ಲಿ ಜಾನ್ ಡಿಯರ್ ತೋರಿಸಿದ್ದು ದೊಡ್ಡ 8ಆರ್ ಟ್ರ್ಯಾಕ್ಟರನ್ನೇ ಡ್ರೈವರ್ ಇಲ್ಲದೆ ಓಡಿಸೋದನ್ನ, ಅಂದ್ರೆ ದೊಡ್ಡದೂ ಬಿಡಲ್ಲ. ಬಿತ್ತನೆ, ಕಳೆ, ಸಿಂಪರಣೆಗೆ ಚಿಕ್ಕವು ಬೇಗ ಬರ್ತವೆ, ಕೊಯ್ಲಿಗೆ ತಡ, ಯಾಕಂದ್ರೆ ಟನ್‌ಗಟ್ಟಲೆ ಧಾನ್ಯ ಯಾರಾದ್ರೂ ಹೊರಲೇಬೇಕಲ್ಲ.

ಪ್ರಶ್ನೆ: ದೊಡ್ಡ ಯಂತ್ರ ಈಗಾಗ್ಲೇ ತಗೊಂಡಾಗಿದೆ. ಮಣ್ಣು ಕೆಟ್ಟಿದೆಯಾ ಅಂತ ಹೇಗೆ ನೋಡೋದು, ಏನು ಮಾಡೋದು?

ಉತ್ತರ: ಗುದ್ದಲಿ ತಗೊಳ್ಳಿ. ಯಂತ್ರ ಹೆಚ್ಚು ತಿರುಗೋ ಹೊಲದ ತುದಿಯಲ್ಲಿ ಒಂದು, ಗಾಲಿ ಬೀಳದೇ ಇರೋ ಬೇಲಿ ಪಕ್ಕ ಒಂದು, ಎರಡು ಗುಂಡಿ ಎರಡು ಅಡಿ ಆಳಕ್ಕೆ ತೋಡಿ, ನೆಲ ಹದವಾಗಿರೋವಾಗ. ಗೋಡೆಯಿಂದ ಒಂದು ಹೆಂಟೆ ತೆಗೆದು ಕೈಯಲ್ಲಿ ಮುರೀರಿ. ಪುಡಿಪುಡಿಯಾಗಿ ಬಿಟ್ಟು, ಒಳಗೆ ಎರೆಹುಳುವಿನ ತೂತು, ಸಣ್ಣ ಬೇರು ಕಂಡ್ರೆ ಸರಿ. ಚಪ್ಪಟೆ ಹಾಳೆಯಂಥ ಪದರ ಕಿತ್ಕೊಂಡು ಬಂದ್ರೆ, ಬೇರು ಕೆಳಗಿಳಿಯದೆ ಅಡ್ಡಕ್ಕೆ ತಿರುಗಿದ್ರೆ, ಅಲ್ಲೇ ಗಟ್ಟಿ ಆಗಿದೆ.

ಮೊದಲ ಕೆಲಸ, ಒದ್ದೆ ಇದ್ದಾಗ ಟ್ಯಾಂಕ್ ತುಂಬಿಸ್ಕೊಂಡು ಹೊಲದ ನಡುವೆ ಓಡಾಡೋದು ನಿಲ್ಲಿಸಿ, ಅರ್ಧಕ್ಕೇ ಖಾಲಿ ಮಾಡಿ. ಎರಡನೇದು ದಾರಿ ಗೊತ್ತು ಮಾಡಿ. ಆಸ್ಟ್ರೇಲಿಯಾದಲ್ಲಿ ಬಹಳ ರೈತರು ಟ್ರ್ಯಾಕ್ಟರ್, ಕಂಬೈನ್, ಸ್ಪ್ರೇಯರ್ ಎಲ್ಲದರ ಗಾಲಿ ಅಂತರ 3 ಮೀಟರ್‌ಗೆ ಒಂದೇ ಮಾಡಿ, ಜಿಪಿಎಸ್ ಇಟ್ಟು ವರ್ಷ ವರ್ಷ ಅದೇ ಗೆರೆ ಮೇಲೆ ಓಡಿಸ್ತಾರೆ, ಗಾಲಿ ಬೀಳೋ ಜಾಗ ಹೊಲದ ಶೇ 10ರಿಂದ 20ಕ್ಕೆ ಇಳಿಯತ್ತೆ, ಉಳಿದ ಮಣ್ಣು ಗಾಲಿ ಕಾಣೋದೇ ಇಲ್ಲ. ಆಳದ ನೇಗಿಲು ಹಾಕಿ ಗಟ್ಟಿ ಪದರ ಒಡೆಯೋದು ಕೊನೇ ದಾರಿ, ಅದೂ ಕೆಳಗಿನ ಪದರ ಚೆನ್ನಾಗಿ ಒಣಗಿದ್ದಾಗ ಮಾತ್ರ. ಒಡೆದ ಮೇಲೆ ಆ ಮಣ್ಣು ಮೊದಲಿಗಿಂತ ಸಡಿಲ, ಅದೇ ಭಾರದ ಯಂತ್ರ ಮರುವರ್ಷ ಅದರ ಮೇಲೇ ಹೋದ್ರೆ ಇನ್ನೂ ಗಟ್ಟಿಯಾಗಿ ಕೂತ್ಕೊಳ್ಳತ್ತೆ, ಆದ್ದರಿಂದ ಓಡೋ ಗೆರೆ ತೀರ್ಮಾನ ಆಗೋವರೆಗೆ ಆ ನೇಗಿಲು ಇಳಿಸ್ಬೇಡಿ.