ಚಿಕ್ಕಪ್ಪನ ಹತ್ತಿರ ಕಾಗದ ಕೇಳುವುದು ಹೇಗೆ?

ಪ್ರಶ್ನೆ: ನನಗೆ 39 ವರ್ಷ. ಹಾಸನದಲ್ಲಿ ಕೆಲಸ, ಬಾಡಿಗೆ ಮನೆ. ಆಲೂರು ತಾಲ್ಲೂಕಿನ ನಮ್ಮೂರಿನಲ್ಲಿ ಚಿಕ್ಕಪ್ಪ ತಮ್ಮ ಕಾಫಿ ತೋಟದ ಅಂಚಿನ 10 ಗುಂಟೆಯನ್ನು ಅರ್ಧ ಬೆಲೆಗೆ ಕೊಡುತ್ತೇನೆ, ಮನೆ ಕಟ್ಟಿಕೋ ಅನ್ನುತ್ತಿದ್ದಾರೆ. ಮುಂದಿನ ವಾರ 2 ಲಕ್ಷ ನಗದು ಕೊಡು, ಪತ್ರದ ವಿಷಯ ಆಮೇಲೆ ನೋಡೋಣ ಅಂತಾರೆ. ಕಾಗದದ ಮಾತೆತ್ತಿದರೆ ಮುಖ ಸಪ್ಪಗಾಗುತ್ತದೆ. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಓದಿಸಿದವರು ಅವರು. ಕಾಗದ ನೋಡದೆ ಒಂದು ರೂಪಾಯಿಯನ್ನೂ ಕೊಡಬೇಡಿ ಅನ್ನುತ್ತಾಳೆ ಹೆಂಡತಿ. ಚಿಕ್ಕಪ್ಪನಿಗೆ ಒಬ್ಬಳೇ ಮಗಳು, ಕಡೂರಿಗೆ ಕೊಟ್ಟಿದೆ. ಏನು ಮಾಡಲಿ?

ಉತ್ತರ: ನಿಮ್ಮ ಹೆಂಡತಿಯ ಮಾತು ಸರಿ. ಆದರೆ ಚಿಕ್ಕಪ್ಪನ ಮುಖ ಸಪ್ಪಗಾಗಿದ್ದನ್ನು ಕಂಡು ನೀವು ನೊಂದಿದ್ದೀರಲ್ಲ, ಅದೂ ಸರಿಯೇ. ಓದಿಸಿದ ಕೈಯನ್ನು ಅನುಮಾನಿಸಿದ ಹಾಗೆ ಆಗಬಾರದು ಅನ್ನುವ ಸಂಕಟ ನನಗೆ ಅರ್ಥವಾಗುತ್ತದೆ.

ಅವರ ಮುಖ ಯಾಕೆ ಸಪ್ಪಗಾಯಿತು ಅಂತ ಯೋಚಿಸಿದ್ದೀರಾ? ಅವರ ಮನಸ್ಸಿನಲ್ಲಿ ಮೋಸವೇ ಇರಬೇಕೆಂದಿಲ್ಲ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೇ ಇದೆ, ಇಲ್ಲವೇ ಜಂಟಿಯಾಗಿದೆ. ಪಾಲುಪಟ್ಟಿ ಬಾಯಿಮಾತಿನಲ್ಲಿ ಮುಗಿದಿರುತ್ತದೆ. ತೋರಿಸಲು ಸರಿಯಾದ ಕಾಗದವೇ ಇಲ್ಲ ಅಂತ ಅವರಿಗೆ ನಾಚಿಕೆಯಾಗಿರಬಹುದು. ಸರ್ವೆ ನಂಬರ್ ಗೊತ್ತಿದ್ದರೆ ಸರ್ಕಾರದ ಭೂದಾಖಲೆಗಳ 'ಭೂಮಿ' ಜಾಲತಾಣದಲ್ಲಿ ಪಹಣಿಯನ್ನು ನೀವೇ ನೋಡಬಹುದು. ಖಾತೆ ಅಜ್ಜನ ಹೆಸರಲ್ಲೇ ಇದ್ದು, ಭಾಗವೇ ಆಗಿಲ್ಲವೆಂದರೆ ನಿಮಗೂ, ನಿಮ್ಮ ಸೋದರತ್ತೆಯರಿಗೂ ಅದರಲ್ಲಿ ಪಾಲಿರಬಹುದು. ಆಗ ಮಾತೇ ಬೇರೆ.

ಇದನ್ನೆಲ್ಲ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮಪ್ಪ ತಮ್ಮ ದೊಡ್ಡಪ್ಪನ ಮಗನಿಂದ ಮನೆ ಪಕ್ಕದ ಜಾಗ ತಗೊಂಡಿದ್ದರು. ದುಡ್ಡು ಕೊಟ್ಟರು, ಪತ್ರ ಮಾಡಿಸಲಿಲ್ಲ. ಜಾಗ ಕೊಟ್ಟವರು ತೀರಿಕೊಂಡ ಮೂರನೇ ವರ್ಷಕ್ಕೆ ಅವರ ಮಕ್ಕಳು ಬಾಂದುಕಲ್ಲಿನಿಂದ ನಮ್ಮ ಹಿತ್ತಲ ಬಾಗಿಲವರೆಗೆ ಮುಳ್ಳುತಂತಿ ಎಳೆದರು. ಅವರಿಗೆ ವಿಷಯವೇ ಗೊತ್ತಿರಲಿಲ್ಲ, ಅವರನ್ನು ದೂರುವುದಿಲ್ಲ. ಆದರೆ ಯುಗಾದಿಗೆ ಆ ಮನೆಯಿಂದ ಬರುತ್ತಿದ್ದ ಹೋಳಿಗೆ ಡಬ್ಬ ನಿಂತೇ ಹೋಯಿತು. ಅಮ್ಮ ಆ ಡಬ್ಬದ ಮುಚ್ಚಳವನ್ನು ತುಂಬ ದಿನ ಎತ್ತಿಟ್ಟಿದ್ದಳು.

ಹಾಗಾಗಿ ಮೊದಲ ಮಾತು ನಿಮ್ಮ ತಂಗಿಯ ಜೊತೆ ಆಗಲಿ. ಕಡೂರಿಗೆ ಕೊಟ್ಟ ಮಾತ್ರಕ್ಕೆ ಅವಳ ಹಕ್ಕು ಹೋಗುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು, ಅದೂ ಹುಟ್ಟಿನಿಂದ. 2020ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಇನ್ನಷ್ಟು ಸ್ಪಷ್ಟವಾಗಿ ಹೇಳಿತು. ಅಪ್ಪ ಅರ್ಧ ಬೆಲೆಗೆ ಕೊಡುತ್ತಿರುವುದು ಅವಳಿಗೆ ಗೊತ್ತೇ? ಬೇರೆಯವರ ಬಾಯಿಂದ ಕೇಳಿದರೆ ಅವಳಿಗೆ ಎಷ್ಟು ನೋವಾಗಬೇಡ! ಅವಳ ಒಪ್ಪಿಗೆ ಸಹಿ ಕ್ರಯಪತ್ರದಲ್ಲಿ ಇರಲೇಬೇಕು. ಅವಳಿಗೆ ಮನಸ್ಸಿಲ್ಲದಿದ್ದರೆ ಈ ಜಾಗ ಬೇಡ.

ಚಿಕ್ಕಪ್ಪನಿಗೆ ಹೇಗೆ ಹೇಳುವುದು? ಬ್ಯಾಂಕಿನವರು ಕೇಳುತ್ತಾರೆ ಅಂತ ನೆಪ ಹೇಳಿ ಎಂದು ಕೆಲವರು ಸಲಹೆ ಕೊಡಬಹುದು. ನನಗೆ ಅದು ಸರಿ ಅನ್ನಿಸುವುದಿಲ್ಲ. ಇದ್ದದ್ದನ್ನೇ ಹೇಳಿ: "ಚಿಕ್ಕಪ್ಪಾ, ನಿಮ್ಮ ಮಾತು ನನಗೆ ಸಾಕು. ಆದ್ರೆ ನಾಳೆ ನನ್ನ ಮಕ್ಕಳು, ತಂಗಿ ಮಕ್ಕಳು ಇದೇ ಬೇಲಿ ಹತ್ರ ಜಗಳಕ್ಕೆ ನಿಲ್ಲಬಾರದು. ಖಾತೆ, ಸರ್ವೆ ಕೆಲಸಕ್ಕೆಲ್ಲ ನಾನೇ ಓಡಾಡ್ತೀನಿ." ಓಡಾಟದ ಭಾರ ನೀವು ಹೊತ್ತರೆ ಅವರ ಅರ್ಧ ಹಿಂಜರಿಕೆ ಇಳಿಯುತ್ತದೆ.

ನಗದು ಮಾತ್ರ ಬೇಡವೇ ಬೇಡ. ಜಾಗದ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವ ಹಾಗಿಲ್ಲ. ಸಿಕ್ಕಿಬಿದ್ದರೆ ದಂಡ ಬೀಳುವುದು ಪಡೆದ ಚಿಕ್ಕಪ್ಪನ ಮೇಲೆ, ಪಡೆದಷ್ಟೇ ಮೊತ್ತ. ಇದನ್ನು ಅವರಿಗೆ ತಿಳಿಸಿ, ಕರಾರು ಬರೆಸಿದ ಮೇಲೆ ಬ್ಯಾಂಕ್ ಮೂಲಕ ಕೊಡಿ. ಋಣಭಾರ ಪತ್ರ ತೆಗೆಸಿ, ತೋಟದ ಮೇಲೆ ಸಾಲವಿದೆಯೇ ನೋಡಿ. ಸಾಗುವಳಿ ಚೀಟಿಯಿಂದ, ಅಂದರೆ ಸರ್ಕಾರದ ಮಂಜೂರಾತಿಯಿಂದ ಬಂದ ಜಮೀನಾದರೆ ಮಾರಾಟಕ್ಕೆ ಷರತ್ತು ಇರಬಹುದು, ವಕೀಲರಿಗೆ ತೋರಿಸಿ. 10 ಗುಂಟೆಯನ್ನು ಬಿಡಿಸಲು 11ಇ ಸ್ಕೆಚ್ (ಸರ್ವೆ ಇಲಾಖೆಯ ಅಳತೆ ನಕ್ಷೆ) ಬೇಕು, ಮನೆ ಕಟ್ಟಲು ಅಲಿನೇಷನ್, ಅಂದರೆ ಭೂ ಪರಿವರ್ತನೆ ಆಗಬೇಕು. ಆ ಖರ್ಚು ಯಾರದ್ದು ಅನ್ನುವುದು ಈಗಲೇ ತೀರ್ಮಾನವಾಗಲಿ.

ಇನ್ನು ದಾರಿ. ನಿಮ್ಮ ಮನೆಗೆ ಹೋಗುವುದು ಚಿಕ್ಕಪ್ಪನ ತೋಟದ ಉಣಗೋಲು ದಾಟಿಕೊಂಡೇ ಅಲ್ವಾ? ಇವತ್ತು ಅದನ್ನು ಸರಿಸಿ ನಗುತ್ತಾ ಒಳಗೆ ಕರೆಯುತ್ತಾರೆ. ನಾಳೆ ತೋಟ ಬೇರೆಯವರ ಕೈ ಸೇರಿದರೆ? ಇಷ್ಟು ಅಡಿ ಅಗಲದ ದಾರಿ ಅಂತ ಪತ್ರದಲ್ಲೂ ಸ್ಕೆಚ್‌ನಲ್ಲೂ ಬರಲಿ. ಬೋರ್‌ವೆಲ್ ನೀರಿಗೂ ಇದೇ ಮಾತು.

ಅರ್ಧ ಬೆಲೆಯ ಬಗ್ಗೆ ಇನ್ನೊಂದು. ವಯಸ್ಸಾದ ಮೇಲೆ ಪಕ್ಕದಲ್ಲಿ ನೀವಿರಬೇಕು ಅನ್ನುವ ಆಸೆ ಅವರಿಗೆ ಇರಬಹುದು. ಇದ್ದರೆ ತಪ್ಪೇನಿಲ್ಲ, ನಿಮಗೂ ಅದು ಇಷ್ಟವೇ ಇರಬಹುದು. ಆದರೆ ನಾಳೆ ನೋಡಿಕೊಳ್ಳುವವಳು ಹೆಚ್ಚಾಗಿ ನಿಮ್ಮ ಹೆಂಡತಿ. ಅವಳನ್ನು ಕೇಳದೆ ಒಪ್ಪಬೇಡಿ.

ಮುಂದಿನ ವಾರ ಊರಿಗೆ ಹೋಗಿ, ಹಣ ಒಯ್ಯಬೇಡಿ. ಹೆಂಡತಿಯನ್ನೂ ಕರೆದುಕೊಂಡು ಹೋಗಿ. ಊಟ ಮುಗಿದ ಮೇಲೆ, ಚಿಕ್ಕಮ್ಮನೂ ಬಂದು ಕೂತಿರುವಾಗ ಮಾತು ತೆಗೆಯಿರಿ.