ಹಾಡು ಗೆದ್ದಾಗಲೇ ಕೈ ಕಚ್ಚುವ ವ್ಯಾಪಾರ

ಬೆಂಗಳೂರಿನ ಓದುಗರೊಬ್ಬರು ಬರೆದಿದ್ದಾರೆ: ‘ನ್ಯೂಯಾರ್ಕಿನ ಸ್ಟ್ರಾಟಾ-ಈಸ್ಟ್ ಎಂಬ ಜಾಝ್ ರೆಕಾರ್ಡ್ ಕಂಪನಿ ಕಲಾವಿದರಿಗೆ ನೂರಕ್ಕೆ 85 ಪಾಲು ಕೊಡುತ್ತಿತ್ತು ಎಂದು ಕಳೆದ ಸಂಚಿಕೆಯಲ್ಲಿ ಹೇಳಿದ್ದಿರಿ. ಅಂಥ ಕಂಪನಿಯನ್ನು ಅಮೆರಿಕದ ಕವಿ-ಗಾಯಕ ಗಿಲ್ ಸ್ಕಾಟ್-ಹೆರಾನ್ ಬಿಟ್ಟದ್ದೇಕೆ? ನಮ್ಮ ಜಾಝ್-ಫಂಕ್ ತಂಡವೂ ಎಲ್‌ಪಿ (ಗ್ರಾಮಫೋನಿನ ದೊಡ್ಡ ತಟ್ಟೆ) ಒತ್ತಿಸಬೇಕೆಂದಿದೆ. ಒಂದು ಬದಿ 26 ನಿಮಿಷ ಬರುತ್ತದೆ, ತೊಂದರೆ ಇಲ್ಲ ತಾನೇ?’

ತೊಂದರೆ ಇದೆ. ಅದಕ್ಕೆ ಆಮೇಲೆ ಬರೋಣ, ಮೊದಲು ಗಿಲ್ ವಿಷಯ.

85 ಪಾಲು ಸಿಗುವುದು ಕೈಗೆ ಬಂದ ಹಣದಲ್ಲಿ, ಬರಬೇಕಾದ ಬಾಕಿಯಲ್ಲಲ್ಲ. ಟ್ರಂಪೆಟ್ ವಾದಕ ಚಾರ್ಲ್ಸ್ ಟಾಲಿವರ್ ಮತ್ತು ಪಿಯಾನೊ ವಾದಕ ಸ್ಟ್ಯಾನ್ಲಿ ಕವೆಲ್ 1971ರಲ್ಲಿ ಕಟ್ಟಿದ ಈ ಸಂಸ್ಥೆಯಲ್ಲಿ ರೆಕಾರ್ಡಿಂಗ್ ಖರ್ಚು ಕಲಾವಿದರದು, ಮಾಸ್ಟರ್ ಟೇಪಿನ, ಅಂದರೆ ಮೂಲ ಧ್ವನಿಮುದ್ರಣದ, ಒಡೆತನವೂ ಅವರದೇ. 1974ರಲ್ಲಿ ಗಿಲ್ ಮತ್ತು ಅವರ ಜೊತೆಗಾರ ಬ್ರಯನ್ ಜಾಕ್ಸನ್ ಅವರ ‘ವಿಂಟರ್ ಇನ್ ಅಮೆರಿಕಾ’ ಆಲ್ಬಮ್ ಇಲ್ಲಿಂದ ಬಂತು. ಅದರೊಳಗಿನ ‘ದ ಬಾಟಲ್’ ಎಂಬ ಹಾಡು, ಜಾಕ್ಸನ್ನರ ಕೊಳಲಿನೊಂದಿಗೆ, ಕ್ಲಬ್ಬುಗಳಿಗೆ ಹಬ್ಬಿತು. ಕಂಪನಿಗೆ ಇದಕ್ಕಿಂತ ದೊಡ್ಡ ಗೆಲುವು ಸಿಗಲಿಲ್ಲ. ಪೇಚಾಟ ಶುರುವಾಗುವುದೂ ಇಲ್ಲಿಂದಲೇ.

ಲೆಕ್ಕಕ್ಕೆ ಹೀಗಿಟ್ಟುಕೊಳ್ಳಿ: ಒಂದು ಪ್ರತಿ ಒತ್ತಲು 1 ಡಾಲರ್, ವಿತರಕ ಕೊಡುವುದು ಎರಡೂವರೆ. ಸಾವಿರ ಪ್ರತಿ ಕಳಿಸಿದಿರಿ, ಬರಬೇಕಾದದ್ದು 2,500. ಆದರೆ ಮೂರು ತಿಂಗಳ ಮೇಲೆ. ಅಷ್ಟರಲ್ಲಿ ಹಾಡು ಹತ್ತಿಕೊಂಡಿತು, ಅಂಗಡಿಗಳು ಐದು ಸಾವಿರ ಕೇಳಿದವು. ಕಾರ್ಖಾನೆ ಇವತ್ತೇ 5,000 ಡಾಲರ್ ಎಣಿಸು ಅನ್ನುತ್ತದೆ. ಸಾಲ ಮಾಡಿ ಒತ್ತಿಸಿದರೆ, ಹಾಡು ತಣ್ಣಗಾದ ಮೇಲೆ ಮಾರದ ಪ್ರತಿಗಳು ವಾಪಸು ಬರುತ್ತವೆ. ಒತ್ತಿಸದಿದ್ದರೆ ಕೇಳಿದವರಿಗೆ ರೆಕಾರ್ಡೇ ಇಲ್ಲ. ಸಣ್ಣ ಕಂಪನಿಯ ಕೈಲಿ ದೇಶವಿಡೀ ಸರಕು ತುಂಬಿಸಲಾಗುವುದಿಲ್ಲ. 1975ರ ಹೊತ್ತಿಗೆ ಗಿಲ್ ಕ್ಲೈವ್ ಡೇವಿಸರ ಹೊಸ ಅರಿಸ್ಟಾ ಕಂಪನಿಯಲ್ಲಿದ್ದರು. ಅದನ್ನು ದ್ರೋಹ ಎನ್ನುವವರ ಜೊತೆ ನಾವಿಲ್ಲ.

ಸಾಲ ಮಾಡಿ ಬೆಳೆಯಹೋದದ್ದು ನಿರ್ಮಾಪಕ ಕ್ರೀಡ್ ಟೇಲರ್ ಅವರ ಜಾಝ್ ಕಂಪನಿ ಸಿಟಿಐ. ರೂಡಿ ವ್ಯಾನ್ ಗೆಲ್ಡರ್ ಸ್ಟುಡಿಯೊ, ಪೀಟ್ ಟರ್ನರ್ ಅವರ ಕಣ್ಸೆಳೆಯುವ ಹೊದಿಕೆ ಚಿತ್ರಗಳು, 1973ರಲ್ಲಿ ಅಮೆರಿಕದ ಸಿಂಗಲ್ಸ್ ಪಟ್ಟಿಯ 2ನೇ ಸ್ಥಾನಕ್ಕೇರಿದ ಬ್ರೆಜಿಲಿನ ಕೀಬೋರ್ಡ್ ವಾದಕ ಡಿಯೊಡಾಟೊ, ಎಲ್ಲವೂ ಅವರಲ್ಲಿದ್ದವು. ಆ ಹುರುಪಿನಲ್ಲಿ ವಿತರಣೆಯನ್ನೂ ತಾವೇ ಕೈಗೆತ್ತಿಕೊಂಡು ಸಾಲಕ್ಕೆ ಬಿದ್ದರು. ಕುಡು ಎಂಬ ಉಪಲೇಬಲ್ಲಿನ ಸ್ಯಾಕ್ಸೊಫೋನ್ ವಾದಕ ಗ್ರೋವರ್ ವಾಷಿಂಗ್ಟನ್ ಜೂನಿಯರ್ ರೆಕಾರ್ಡುಗಳು ಮೋಟೌನ್ ಕಂಪನಿಯ ಪಾಲಾದವು. 1978ರಲ್ಲಿ ಸಿಟಿಐ ದಿವಾಳಿ.

ಇನ್ನು ನಿಮ್ಮ 26 ನಿಮಿಷ. 12 ಇಂಚಿನ ತಟ್ಟೆಯಲ್ಲಿ ಗೆರೆ ಕೊರೆಯಲು ಸಿಗುವ ಅಗಲ ಸುಮಾರು 85 ಮಿ.ಮೀ. ನಿಮಿಷಕ್ಕೆ 33⅓ ಸುತ್ತಿನಂತೆ 20 ನಿಮಿಷಕ್ಕೆ 667 ಸುತ್ತು, ಅಂದರೆ ಒಂದೊಂದಕ್ಕೂ 0.13 ಮಿ.ಮೀ. 26 ನಿಮಿಷಕ್ಕೆ 867 ಸುತ್ತು, ಉಳಿಯುವುದು 0.10. ಬೇಸ್ ಗಿಟಾರ್, ಕಿಕ್ ಡ್ರಮ್ ಬಂದಾಗ ಗೆರೆ ಅಕ್ಕಪಕ್ಕಕ್ಕೆ ಅಗಲವಾಗಿ ಹೊರಳುತ್ತದೆ. ಜಾಗ ಇಲ್ಲದಿದ್ದರೆ ಕೊರೆಯುವವರು ಇಡೀ ಬದಿಯ ಸದ್ದಿನ ಮಟ್ಟ ತಗ್ಗಿಸುತ್ತಾರೆ, ಇಲ್ಲವೇ ಬೇಸ್ ಕತ್ತರಿಸುತ್ತಾರೆ. ಬೇಸ್ ಕತ್ತರಿಸಿದ ಮೇಲೆ ಫಂಕ್‌ನಲ್ಲಿ ಏನು ಉಳಿಯಿತು? 20ರೊಳಗೆ ಇಳಿಸಿ, ಸೋಲೊಗಳು ಅಷ್ಟು ಉದ್ದ ಇರಲೇಬೇಕೆಂದೇನೂ ಇಲ್ಲ.

ಸುಮಾರು 150 ಹರ್ಟ್ಸ್‌ಗಿಂತ ಕೆಳಗಿನ ತಗ್ಗು ಸ್ವರಗಳನ್ನು ಮೊನೊ ಮಾಡಿ, ಅಂದರೆ ಎಡ-ಬಲ ಎರಡರಲ್ಲೂ ಒಂದೇ ಆಗಿಸಿ, ಕೊಡಿ. ಎಡ-ಬಲ ಚಾನೆಲ್‌ಗಳಲ್ಲಿ ಬೇಸ್ ಒಂದಕ್ಕೊಂದು ಎದುರಾಗಿದ್ದರೆ ಕೊರೆಯುವ ಮುಳ್ಳು ಮೇಲೆ ಕೆಳಗೆ ಜಿಗಿದು ಗೆರೆ ತೆಳುವಾಗುತ್ತದೆ, ಮನೆಯಲ್ಲಿ ಸೂಜಿ ಹಾರುತ್ತದೆ. ಹೈ-ಹ್ಯಾಟ್ (ಡ್ರಮ್ ಸೆಟ್ಟಿನ ಜೋಡಿ ಸಿಂಬಲ್) ಜೋರಾಗಿರುವ ಹಾಡನ್ನು ಬದಿಯ ಮೊದಲಿಗಿಡಿ. ಹೊರ ಅಂಚಿನಲ್ಲಿ ಗೆರೆ ಸೆಕೆಂಡಿಗೆ ಸುಮಾರು 51 ಸೆಂ.ಮೀ. ಓಡುತ್ತದೆ, ಒಳಗೆ 21 ಅಷ್ಟೇ. ಒಳಗಿಟ್ಟರೆ ಸಿಂಬಲ್ ಸದ್ದು ಸೀಳುತ್ತದೆ.

ಟೆಸ್ಟ್ ಪ್ರೆಸ್ಸಿಂಗ್ (ಪರೀಕ್ಷೆಗೆ ಒತ್ತಿದ ಮಾದರಿ ಪ್ರತಿಗಳು) ಬಂದಾಗ ಒಂದನ್ನೇ ಕೇಳಿ ‘ಸರಿ’ ಎನ್ನಬೇಡಿ. ಎಲ್ಲ ಪ್ರತಿಗಳಲ್ಲೂ ಅದೇ ಜಾಗದಲ್ಲಿ ‘ಟಕ್’ ಎಂದರೆ ದೋಷ ಅಚ್ಚಿನದು, ಒಂದರಲ್ಲೇ ಆದರೆ ಆ ಪ್ರತಿಯದು. ಎಲೆಕ್ಟ್ರಿಕ್ ಪಿಯಾನೊದ ಉದ್ದನೆಯ ಸ್ವರ 1.8 ಸೆಕೆಂಡಿಗೊಮ್ಮೆ ಓಲಾಡಿದರೆ ನಡುವಿನ ತೂತು ಜರುಗಿದೆ ಎಂದರ್ಥ, ವಾಪಸು ಕಳಿಸಿ.

ಮೊದಲ ಸಲ 300 ಪ್ರತಿ ಸಾಕು. ಕಾರ್ಯಕ್ರಮಗಳಲ್ಲಿ ಕೈಯಾರೆ ಮಾರಿ, ನಗದು ಅಲ್ಲೇ ಬರುತ್ತದೆ. ಮಾಸ್ಟರ್ ನಿಮ್ಮದಾದರೂ ಕಾರ್ಖಾನೆಯಲ್ಲಿ ತಯಾರಾಗುವ ಲೋಹದ ‘ಮದರ್’ (ಒತ್ತುವ ಅಚ್ಚುಗಳನ್ನು ತೆಗೆಯುವ ಮೂಲ ತಟ್ಟೆ) ಯಾರದು ಎಂಬುದನ್ನು ಆರ್ಡರ್ ಕೊಡುವಾಗಲೇ ಬರೆಸಿಕೊಳ್ಳಿ. ಒತ್ತುವ ಅಚ್ಚು ಸವೆದರೆ ಮದರ್‌ನಿಂದ ಇನ್ನೊಂದು ತೆಗೆಯಬಹುದು; ಅದಿಲ್ಲದಿದ್ದರೆ ಎರಡನೆಯ ಆವೃತ್ತಿಗೆ ಕೊರೆಯುವ ಖರ್ಚು ಮತ್ತೆ ಮೊದಲಿನಿಂದ.

— ಸಂ.